ಬದಲಿ ನಿಲ್ದಾಣ

ಊಟದ ಕ್ಯಾರಿಯರನ್ನು ಟೈಲ್ಸ್ ಪೆಟ್ಟಿಗೆಗಳ ಮೇಲಿಟ್ಟು, ಅದರ ಮುಚ್ಚಳ ತೆಗೆಯುವ ಮೊದಲೇ ಮಗಳು ವಿಷಯ ತೆಗೆದಳು. "ಅಪ್ಪ, ಫ್ಲೈಯಿಂಗ್ ಸ್ಕೂಲಿನವರು ಫೋನ್ ಮಾಡಿದ್ರು. ಸೀಟು ಬೇಕೋ ಬೇಡವೋ ಅಂತ ಇವತ್ತು ಸಂಜೆಯೊಳಗೆ ಹೇಳಬೇಕಂತೆ. ಬೇಕು ಅಂತ ಹೇಳಿಬಿಡ್ಲಾ?"

ಕ್ಯಾಪ್ಟನ್ ಕೈಯಲ್ಲಿದ್ದ ಬಚ್ಚಲುಮನೆಯ ಟೈಲ್ಸನ್ನು ಒರೆಸುತ್ತಲೇ ಇದ್ದರು. ಅಂಗಡಿಯಲ್ಲಿ ಎಲ್ಲರೂ ಅವರನ್ನು ಈಗಲೂ ಕ್ಯಾಪ್ಟನ್ ಎಂದೇ ಕರೆಯುತ್ತಿದ್ದರು. ಇಪ್ಪತ್ತು ವರ್ಷ ವಿಮಾನ ಹಾರಿಸಿ, ವೈದ್ಯಕೀಯ ತಪಾಸಣೆಯಲ್ಲಿ ಎದೆಬಡಿತ ಸರಿಯಿಲ್ಲವೆಂದು ಲೈಸೆನ್ಸ್ ಕಳೆದುಕೊಂಡವರು ಅವರು. ಈಗ ಹೆಂಡತಿಯ ತಮ್ಮನ ಅಂಗಡಿಯಲ್ಲಿ ಟೈಲ್ಸ್ ಮಾರುತ್ತಿದ್ದರು. ಆಕಾಶದಲ್ಲಿದ್ದವರನ್ನು ಎಳೆದು ತಂದು ನೆಲದ ವ್ಯಾಪಾರಕ್ಕೆ ಹಚ್ಚಿದೆ ಎಂದು ಭಾವಮೈದ ಆಗಾಗ ತಮಾಷೆ ಮಾಡುತ್ತಿದ್ದ, ಅವರೂ ನಗುತ್ತಿದ್ದರು. ಗಿರಾಕಿಗಳ ಎದುರು ಮಾತ್ರ ಅವರ ದನಿ ತಾನಾಗಿ ಹಳೆಯ ಹದಕ್ಕೆ ಬರುತ್ತಿತ್ತು. ಬಚ್ಚಲಿನ ನೀರು ಯಾವ ಕಡೆ ಹರಿಯಬೇಕೆಂದು ಹೇಳುವಾಗಲೂ ಪ್ರಯಾಣಿಕರಿಗೆ ಹವಾಮಾನ ತಿಳಿಸುವವರಂತೆ ಹೇಳುತ್ತಿದ್ದರು.

"ಮೊದಲು ಡಿಗ್ರಿ ಮುಗಿಸು," ಎಂದರು. "ಆಮೇಲೆ ಎಲ್ಲಿ ಬೇಕಾದ್ರೂ ಹಾರು."

"ಹನ್ನೆರಡನೇ ಕ್ಲಾಸು, ಅದರಲ್ಲಿ ಗಣಿತ, ಭೌತಶಾಸ್ತ್ರ. ಅವರು ಕೇಳೋದು ಅಷ್ಟೇ ಅಪ್ಪ. ಡಿಗ್ರಿ ಇರಲೇಬೇಕು ಅಂತ ಹೇಳಿಲ್ಲ. ನಿನಗೂ ಇರಲಿಲ್ವಲ್ಲ."

"ಇರಲಿಲ್ಲ. ಅದಕ್ಕೇ ಹೇಳ್ತಿರೋದು."

ಗಲ್ಲಾದಲ್ಲಿ ಕೂತಿದ್ದ ಭಾವಮೈದನಿಗೆ ಸುಮ್ಮನಿರಲು ಆಗಲಿಲ್ಲ. "ಭಾವ, ನನ್ನ ಹತ್ರ ಎರಡೆರಡು ಡಿಗ್ರಿ ಇವೆ. ನಿಮ್ಮ ಹತ್ರ ಒಂದೂ ಇಲ್ಲ. ಇಬ್ರೂ ಒಂದೇ ಅಂಗಡೀಲಿ ಒಂದೇ ಟೈಲ್ಸ್ ಮಾರ್ತಿದೀವಿ. ಇದರಿಂದ ಅವಳು ಏನು ತಿಳ್ಕೋಬೇಕು?"

"ನೀನು ಸುಮ್ನಿರಪ್ಪ," ಎಂದರು ಕ್ಯಾಪ್ಟನ್. ಭಾವಮೈದನ ಬಾಯಿ ಮುಚ್ಚಿಸಿದ್ದಾಯಿತು, ಮನಸ್ಸಿನ ಬಾಯಿ ಮುಚ್ಚಲಿಲ್ಲ. ಲೈಸೆನ್ಸ್ ಹೋದ ಮೇಲೆ ಕೆಲಸ ಕೇಳಿಕೊಂಡು ಅಲೆದ ಕಚೇರಿಗಳು ಒಂದೊಂದೂ ನೆನಪಿದ್ದವು. ಎಲ್ಲ ಕಡೆಯೂ ಕುರ್ಚಿ ಕೊಟ್ಟು, ಕಾಫಿ ಕೊಟ್ಟು, ಬಿರುಗಾಳಿಯಲ್ಲಿ ವಿಮಾನ ಇಳಿಸಿದ ಕಥೆಯನ್ನು ಕಣ್ಣರಳಿಸಿ ಕೇಳಿ, ಕೊನೆಗೆ "ಅದೆಲ್ಲ ಸರಿ, ಓದಿರೋದು ಎಷ್ಟು?" ಎನ್ನುತ್ತಿದ್ದರು. ಹನ್ನೆರಡನೇ ತರಗತಿ ಎಂದೊಡನೆ ಎದುರಿನವರ ಮುಖದಲ್ಲಿ ಮೂಡುತ್ತಿದ್ದ ಮರುಕ ಅವರನ್ನು ಈಗಲೂ ಸುಡುತ್ತಿತ್ತು. ಆ ಕುರ್ಚಿಯಲ್ಲಿ ಮಗಳು ಎಂದೂ ಕೂರಬಾರದು ಎನ್ನುವುದೇ ಅವರ ಹಟವಾಗಿತ್ತು.

"ನೋಡಮ್ಮ," ಎಂದು ಸಮಾಧಾನದಿಂದಲೇ ಶುರುಮಾಡಿದರು. "ಪೈಲಟ್ ಆದವನು ಹೊರಡೋಕ್ಕಿಂತ ಮುಂಚೆ ಏನು ಮಾಡ್ತಾನೆ? ಹೋಗೋ ಊರಲ್ಲಿ ಇಳಿಯೋಕೆ ಆಗದೇ ಇದ್ರೆ ಎಲ್ಲಿ ಇಳೀಬೇಕು ಅಂತ ಒಂದು ಬದಲಿ ನಿಲ್ದಾಣ ಗೊತ್ತು ಮಾಡ್ಕೋತಾನೆ. ನಿನಗೆ ಡಿಗ್ರಿ ಅಂದ್ರೆ ಅದು."

ಈ ಪಾಠಗಳನ್ನೆಲ್ಲ ಜೋಗುಳದ ಜಾಗದಲ್ಲಿ ಕೇಳಿಕೊಂಡು ಬೆಳೆದವಳು ಅವಳು. "ಸರಿ ಅಪ್ಪ. ಆದ್ರೆ ಯಾವ ಪೈಲಟ್ ಮೊದಲು ಬದಲಿ ನಿಲ್ದಾಣಕ್ಕೆ ಹೋಗಿ ಇಳಿದು, ಅಲ್ಲಿ ಮೂರು ವರ್ಷ ಕೂತು, ಆಮೇಲೆ ಹೋಗಬೇಕಾದ ಊರಿಗೆ ಹೊರಡ್ತಾನೆ?"

ಭಾವಮೈದ ಕೆಮ್ಮಿದ. ಭಾವನ ಮುಂದೆ ನಗು ಬಂದಾಗ ಕೆಮ್ಮುವುದು ಅವನ ರೂಢಿ.

"ಅಲ್ಲಿಗೆ ಹೋಗೋಷ್ಟು ಇಂಧನ ಜೊತೇಲಿ ಇಟ್ಕೊಂಡಿರ್ತಾನೆ, ಅಷ್ಟೇ ತಾನೆ?" ಎಂದಳು ಮಗಳು. "ನಾನೂ ಇಟ್ಕೋತೀನಿ. ಹಾರೋದು ಕಲೀತಾನೇ ಅಂಚೆ ಮೂಲಕ ಡಿಗ್ರಿ ಕಟ್ತೀನಿ. ಒಂದೆರಡು ವರ್ಷ ಹೆಚ್ಚು ಹಿಡಿದ್ರೂ ಮುಗಿಸ್ತೀನಿ. ಆದ್ರೆ ಅದೇ ಮೊದಲು ಅಂದ್ರೆ ಈ ಸೀಟು ಕೈ ತಪ್ಪುತ್ತೆ."

"ನನಗೆ ಆದ ಹಾಗೆ ನಿನಗೂ ಆದ್ರೆ?"

ಈ ಒಂದು ಮಾತನ್ನು ಅವಳ ಮುಂದೆ ಆಡಬಾರದೆಂದು ಕ್ಯಾಪ್ಟನ್ ಬಹಳ ದಿನದಿಂದ ನುಂಗಿಕೊಂಡಿದ್ದರು.

"ಆಗಬಹುದು," ಎಂದಳು ಅವಳು. "ನಿನಗೆ ಡಿಗ್ರಿ ಇದ್ದು, ಆ ಇಪ್ಪತ್ತು ವರ್ಷ ಇಲ್ಲದೇ ಹೋಗಿದ್ರೆ ಪರವಾಗಿರಲಿಲ್ವಾ ಅಪ್ಪ?"

ಅಷ್ಟರಲ್ಲಿ ವಯಸ್ಸಾದ ಗಿರಾಕಿಯೊಬ್ಬರು ಕಾಲು ಜಾರದಂಥ ಟೈಲ್ಸ್ ಕೇಳಿಕೊಂಡು ಬಂದರು. ಕ್ಯಾಪ್ಟನ್ ನಾಲ್ಕಾರು ಬಗೆ ತೋರಿಸಿದರು. ಪ್ರಶ್ನೆಯಿಂದ ತಪ್ಪಿಸಿಕೊಳ್ಳಲು ಆ ಹೊತ್ತಿಗೆ ಅದೊಂದು ನೆಪವಾಯಿತು. ಆದರೆ ಪ್ರತಿ ಟೈಲ್ಸ್ ಎತ್ತುವಾಗಲೂ ಅದೇ ಪ್ರಶ್ನೆ ಕೆಳಗಿನಿಂದ ಇಣುಕುತ್ತಿತ್ತು. ಗಿರಾಕಿ ಮನೆಯವರನ್ನು ಕೇಳಿ ಬರುತ್ತೇನೆಂದು ಹೊರಟುಹೋದರು. ಕ್ಯಾಪ್ಟನ್ ಕೈ ತೊಳೆದುಕೊಂಡು ಬಂದರು.

ಮೂವರೂ ಪೆಟ್ಟಿಗೆಗಳನ್ನೇ ಮೇಜು ಮಾಡಿಕೊಂಡು ಕೂತರು. ಅಪ್ಪ ಮಗಳಿಬ್ಬರಿಗೂ ಹುರಿದ ಮೀನು ಬಂದಿತ್ತು. ಮೀನೆಂದರೆ ಮಾರು ದೂರ ಓಡುವ ಭಾವಮೈದನಿಗೆ ಬೇಯಿಸಿದ ಮೊಟ್ಟೆ. ಮಗಳು ಮುಖ ಸಪ್ಪಗೆ ಮಾಡಿಕೊಂಡು, ತಲೆ ಎತ್ತದೆ, ಮೀನಿನ ಒಂದು ತುಂಡು ಮುರಿದು ಬಾಯಿಗಿಟ್ಟಳು. ಅವಳನ್ನೇ ನೋಡುತ್ತಿದ್ದ ಕ್ಯಾಪ್ಟನ್ ತಮ್ಮ ಪಾಲಿನ ಮೀನನ್ನೂ ಅವಳ ತಟ್ಟೆಗೆ ಸರಿಸಿ, ಭಾವಮೈದನ ಡಬ್ಬಿಯಿಂದ ಒಂದು ಮೊಟ್ಟೆ ಎತ್ತಿಕೊಂಡರು.

"ಏನು ಭಾವ, ಮೀನು ಅಂದ್ರೆ ಪ್ರಾಣ ಬಿಡೋರು ನೀವು. ಕೆಟ್ಟಿದೆಯಾ?"

"ಮೀನಿಗೇನೂ ಆಗಿಲ್ಲ," ಎಂದರು ಕ್ಯಾಪ್ಟನ್, ಮೊಟ್ಟೆಗೆ ಉಪ್ಪು ಉದುರಿಸಿಕೊಳ್ಳುತ್ತ. "ಒಂದೇ ವಿಮಾನದಲ್ಲಿರೋ ಪೈಲಟ್‌ಗಳಿಬ್ಬರು ಒಂದೇ ಊಟ ಮಾಡೋ ಹಾಗಿಲ್ಲ. ಒಬ್ಬರ ಆರೋಗ್ಯ ಕೆಟ್ರೆ ವಿಮಾನ ನಡೆಸೋಕೆ ಇನ್ನೊಬ್ಬರು ಬೇಕಲ್ಲ."