ಇಳಿಜಾರಿನ ತುದಿಯಲ್ಲಿ ನಿಂತ ಶಾಲಾ ವ್ಯಾನ್

ನಮ್ಮ ಬಡಾವಣೆ ಗುಡ್ಡದ ಮೇಲೆ... ಮೊಮ್ಮಗಳ ಶಾಲೆ ಕೆಳಗೆ.

ಕುಸುಮ ಓಡಿಸುವ ಶಾಲಾ ವ್ಯಾನ್ ಕೆಲವು ದಿನಗಳಿಂದ ಇಳಿಜಾರಿನ ಮೇಲ್ತುದಿಯಲ್ಲೇ ನಿಲ್ಲುತ್ತಿತ್ತು. ಮಕ್ಕಳೆಲ್ಲ ಇಳಿದು ಆಯಾ ಜೊತೆ ನಡೆಯಬೇಕು.

ಖಾಲಿ ವ್ಯಾನನ್ನು ಕುಸುಮ ಮೆಲ್ಲಗೆ ಇಳಿಸಿ, ಕೆಳಗೆ ಮಕ್ಕಳನ್ನು ಮತ್ತೆ ಹತ್ತಿಸಿಕೊಳ್ಳುತ್ತಿದ್ದಳು. ಪುಟ್ಟ ಬೆನ್ನುಗಳಿಗೆ ಭಾರವಾಗದಿರಲೆಂದು ಬ್ಯಾಗುಗಳನ್ನು ಮಾತ್ರ ವ್ಯಾನಿನಲ್ಲೇ ಇರಿಸುತ್ತಿದ್ದಳು.

ಪೋಷಕರ ವಾಟ್ಸಾಪ್ ಗ್ರೂಪಿನಲ್ಲಿ ಬೈಗುಳದ ಸುರಿಮಳೆ... ಶಾಲೆಗೆ ದೂರು ಹೋಯಿತು.

ಮೊನ್ನೆ ಬೆಳಿಗ್ಗೆ ಶಾಲೆಯ ಟ್ರಾನ್ಸ್‌ಪೋರ್ಟ್ ಮ್ಯಾನೇಜರ್ ಇಳಿಜಾರಿಗೇ ಬಂದರು. ಪೋಷಕರ ಜೊತೆ ನಾನೂ ಅಲ್ಲಿದ್ದೆ. ಮಕ್ಕಳಿನ್ನೂ ವ್ಯಾನಿನಲ್ಲೇ ಇದ್ದರು.

"ಫೀಸ್ ಕಟ್ಟೋದು ನಾವು... ನಡಿಯೋದು ನಮ್ಮ ಮಕ್ಕಳಾ?" ಒಬ್ಬ ತಾಯಿ ಕೂಗಿದಳು.

"ಮಹಾರಾಣಿಗೆ ಡ್ರೈವಿಂಗ್ ಭಯ ಅಂದ್ರೆ ಮನೇಲಿ ಕೂತು ಹಪ್ಪಳ ಒತ್ಲಿ," ಎಂದರು ಮ್ಯಾನೇಜರ್. ಕೆಲವರು ನಕ್ಕರು.

ನನಗೆ ಮೈಯೆಲ್ಲ ಉರಿಯಿತು. ಇಷ್ಟು ಜನರಲ್ಲಿ ಒಬ್ಬರಾದರೂ ಕಾರಣ ಕೇಳಬಾರದೇ?

"ಯಾಕಮ್ಮ ಮಕ್ಕಳನ್ನ ಇಳಿಸ್ತೀಯ?" ಎಂದು ಕುಸುಮಳನ್ನು ಕೇಳಿದೆ.

"ಇಳಿಜಾರಲ್ಲಿ ಬ್ರೇಕ್ ಬಿಸಿಯಾದ್ರೆ ಪೆಡಲ್ ಪೂರ್ತಿ ಒಳಕ್ಕೆ ಹೋಗ್ಬಿಡುತ್ತೆ ಅಮ್ಮ. ಬ್ರೇಕ್ ಆಯಿಲ್ ಹಳೇದಾಗಿದೆ, ತೇವ ಸೇರಿದೆ, ಎಲ್ಲಾ ತೆಗೆದು ಹೊಸದು ಹಾಕ್ಸಿ ಅಂತ ಮ್ಯಾನೇಜರ್ ಸಾರ್‌ಗೆ ಹೇಳ್ತಾನೇ ಇದೀನಿ. ಹಳೇದರ ಮೇಲೇ ಒಂದಷ್ಟು ಹೊಸ ಆಯಿಲ್ ಸುರಿದು ಕಳಿಸ್ತಾರೆ. ಶೆಡ್ಡಲ್ಲಿ ತಣ್ಣಗಿದ್ದಾಗ ಒತ್ತಿ ನೋಡಿ, ಸರಿ ಇದೆ ಅಂತಾರೆ."

"ಅಂಥ ಕೆಲಸ ಬಿಟ್ಟುಬಿಡಬಾರ್ದಾ?"

"ನಾನು ಬಿಟ್ರೆ ಇನ್ನೊಬ್ರು ಬರ್ತಾರೆ. ಅವರು ಮಕ್ಕಳನ್ನ ಇಳಿಸ್ತಾರೋ ಇಲ್ವೋ... ನಾನೊಬ್ಬಳೇ ಆದ್ರೆ ಪರವಾಗಿಲ್ಲ ಬಿಡಿ."

ಪರವಾಗಿಲ್ಲವೇ?! ಅವಳ ಜೀವ ಜೀವವಲ್ಲವೇ?

"ಬರೀ ನೆಪ!" ಮ್ಯಾನೇಜರ್ ಗದರಿದರು. "ಬ್ರೇಕ್ ಗಟ್ಟಿಯಾಗಿದೆ, ನಾನೇ ನೋಡಿದೀನಿ."

"ಹಾಗಾದ್ರೆ ನೀವೇ ಓಡಿಸಿ ಸಾರ್," ಎಂದೆ.

ಅವರು ಕೀ ಕಿತ್ತುಕೊಂಡು ಸೀಟಿಗೆ ಹತ್ತಿದರು. ಇಂಜಿನ್ ಶುರುವಾಯಿತು...

ಕೆಳಗಿನ ತಿರುವನ್ನು ನೋಡಿದರು. ಒಮ್ಮೆ ಪೆಡಲ್ ಒತ್ತಿದರು... ಮತ್ತೆ ತಿರುವನ್ನು ನೋಡಿದರು.

ಆಮೇಲೆ, ಹಿಂದಕ್ಕೆ ತಿರುಗದೆಯೇ, ಸಣ್ಣ ದನಿಯಲ್ಲಿ ಹೇಳಿದರು...

"ಮಕ್ಕಳೆಲ್ಲ ಇಳ್ಕೊಳ್ಳಿ."

ಈ ಸಲ ಯಾರೂ ನಗಲಿಲ್ಲ. ಗೊತ್ತಿತ್ತು ಮ್ಯಾನೇಜರಿಗೆ... ಎಲ್ಲವೂ ಗೊತ್ತಿತ್ತು!

ಕೂಗಾಡಿದ್ದ ತಾಯಿ ಓಡಿ ಮಗನನ್ನು ಇಳಿಸಿಕೊಂಡಳು. ಕುಸುಮಳ ಮುಂದೆ ನಿಂತಳು... ಕಣ್ಣೀರು ಬಂತು.

"ಅಳಬೇಡಿ ಅಕ್ಕ," ಎಂದಳು ಕುಸುಮ. "ಮೊದ್ಲು ಅವನ ಶೂ ಲೇಸ್ ಕಟ್ಟಿ, ಎಡವ್ತಾನೆ."

ಅಂದು ವ್ಯಾನ್ ಅಲ್ಲಿಂದ ಕದಲಲು ನಾವು ಬಿಡಲಿಲ್ಲ. ಮೆಕ್ಯಾನಿಕ್ಕನನ್ನೇ ಮೇಲಕ್ಕೆ ಕರೆಸಿದೆವು. ಹೊರಬಂದ ಆಯಿಲ್ ಕಾಫಿ ಡಿಕಾಕ್ಷನ್ನಿನಷ್ಟು ಕಪ್ಪಗಿತ್ತು.

ಮ್ಯಾನೇಜರ್ ಇನ್ನೂ ಅವಳಲ್ಲಿ ಕ್ಷಮೆ ಕೇಳಿಲ್ಲ.

*ಅಪಾಯವನ್ನು ಮೊದಲು ಕಂಡವರ ಬಾಯಿ ಮುಚ್ಚಿಸುವುದೇ ಎಲ್ಲಕ್ಕಿಂತ ದೊಡ್ಡ ಅಪಾಯ.*

ನಿಮ್ಮ ಮಕ್ಕಳ ವ್ಯಾನ್ ಡ್ರೈವರನ್ನು "ಬ್ರೇಕ್ ಹೇಗಿದೆ?" ಎಂದು ನೀವು ಎಂದಾದರೂ ಕೇಳಿದ್ದೀರಾ?