ಡಚ್ ಗೋಡೆ

ಮಾವ ಬಿಳಿ ರಾಣಿಯ ಮುಂದಿನ ಕಾಲಾಳನ್ನು ಎರಡು ಮನೆ ಮುಂದಕ್ಕೆ ತಳ್ಳಿದ ಹೊತ್ತಿಗೇ ಹಿತ್ತಿಲ ಬಾಗಿಲು ಕಿರ್ರೆಂದಿತು. ಅಳಿಯ ತಟ್ಟನೆ ತಲೆ ಎತ್ತಿದ.

"ಬೆಕ್ಕು ಇರ್ಬೇಕು," ಎಂದ.

"ಇರ್ಬೇಕು," ಎಂದರು ಮಾವ, ತಲೆ ಎತ್ತದೆ.

ಹೊರಗೆ ಹೋದದ್ದು ಅತ್ತೆ ಮತ್ತು ಅವನ ಹೆಂಡತಿ. ಅತ್ತೆಗೆ ಅಂದು ಡ್ರೈವಿಂಗ್ ಪರೀಕ್ಷೆ. "ಈ ವಯಸ್ಸಲ್ಲಿ ಸ್ಟೀರಿಂಗ್ ಯಾಕೆ ಬೇಕು?" ಎಂದು ಮಾವ ಹಿಂದೊಮ್ಮೆ ಗದರಿದ್ದರಿಂದ ಕಲಿತದ್ದೆಲ್ಲ ಕದ್ದುಮುಚ್ಚಿ. ಈಗ ಮಾವ ಎದ್ದು ಹುಡುಕಿಕೊಂಡು ಹೊರಟರೆ ಅತ್ತೆಯ ಆಸೆಗೆ ಎಳ್ಳುನೀರು. "ನಾವು ಬರೋವರ್ಗೂ ಅಪ್ಪ ಕುರ್ಚಿ ಬಿಟ್ಟು ಏಳ್ಬಾರ್ದು," ಎಂದು ಹೆಂಡತಿ ಬೆಳಿಗ್ಗೆಯೇ ತಾಕೀತು ಮಾಡಿದ್ದಳು. ಹಾಗೆನ್ನುತ್ತಲೇ, ಜೇಬು ಖಾಲಿ ಮಾಡಲೂ ಬಿಡದೆ, ಅವನ ಕೋಟನ್ನು ಇಸ್ತ್ರಿಗೆಂದು ಕಿತ್ತುಕೊಂಡಿದ್ದಳು.

ಕಷ್ಟವಿದ್ದದ್ದು ಅಲ್ಲೇ. ಹಲ್ಲಿನ ಡಾಕ್ಟರಾದ ಅಳಿಯ ಎಂಥ ಹಲ್ಲನ್ನೂ ಕೀಳಬಲ್ಲ. ಆದರೆ ಚೆಸ್‌ನಲ್ಲಿ ಮಾವನೆದುರು ಕಾಫಿ ಆರುವಷ್ಟು ಹೊತ್ತೂ ನಿಂತವನಲ್ಲ. ಅದಕ್ಕೇ ಈ ಸಲ ಡಚ್ ಡಿಫೆನ್ಸ್ ಕಲಿತು ಬಂದಿದ್ದ. ಕಪ್ಪು ಒಂಟೆಯ ಮುಂದಿನ ಕಾಲಾಳಿನಿಂದ ಉತ್ತರ ಕೊಡುವುದು. ಆಮೇಲೆ ನಾಲ್ಕು ಕಾಲಾಳುಗಳನ್ನು ಹೆಣೆದು ಕಲ್ಲುಗೋಡೆ ಕಟ್ಟುವುದು. ಗೆಲುವು ಬರುತ್ತದೋ ಬಿಡುತ್ತದೋ, ಸೋಲಂತೂ ತಡವಾಗುತ್ತದೆ. ಹೊಸ ಕಾರಿನ ಸೀಟಿನ ಪ್ಲಾಸ್ಟಿಕ್ ಇನ್ನೂ ಕೀಳದ, ಹೆಂಡತಿಗೂ ಅದರ ಬಾಗಿಲು ಜೋರಾಗಿ ಹಾಕಲು ಬಿಡದ ಜಾಗರೂಕ ಮನುಷ್ಯನಿಗೆ ಹೇಳಿ ಮಾಡಿಸಿದ ಆಟ.

ಬೀದಿಯಲ್ಲಿ ಇಂಜಿನ್ನೊಂದು ಶುರುವಾಗಿ, ಧಡಕ್ಕೆಂದು ನಿಂತು, ಮತ್ತೆ ಶುರುವಾಯಿತು. ಡ್ರೈವಿಂಗ್ ಸ್ಕೂಲಿನ ಹಳೇ ಡಬ್ಬ! ಸದ್ದು ಮುಚ್ಚಲು ಅಳಿಯ ಜೋರಾಗಿ ಕೆಮ್ಮಿದ. ಮಾವ ರೇಡಿಯೊ ಜೋರು ಮಾಡಿದರು.

"ನೀರು ತರ್ಲಾ?" ಎಂದು ಮಾವ ಅರ್ಧ ಎದ್ದರು.

"ಏಳ್ಬೇಡಿ ಮಾವ, ನಾನೇ ತರ್ತೀನಿ."

"ಛೆ ಛೆ, ನೀವಂತೂ ಏಳಲೇಬೇಡಿ ಅಳಿಯಂದ್ರೇ!"

ಇಬ್ಬರೂ ಬಾಯಾರಿಕೊಂಡೇ ಕುಳಿತರು.

ಗೋಡೆ ಎಷ್ಟು ಹೊತ್ತು ನಿಂತೀತು? ಒಂದು ಕುದುರೆ ನುಗ್ಗಿತು, ಮೂಲೆ ಕುಸಿಯಿತು. ಬಿಳಿ ರಾಣಿ ಒಂದು ಹೆಜ್ಜೆ ಇಟ್ಟರೆ ಕಪ್ಪು ರಾಜನ ಕಥೆ ಮುಗಿಯಿತು. ಮಾವನ ಕೈ ರಾಣಿಯವರೆಗೂ ಹೋಯಿತು. ಅಳಿಯ ಗಡಿಯಾರ ನೋಡಿದ. ಕೈ ಹಿಂದೆ ಬಂತು. ಅಂಚಿನಲ್ಲಿದ್ದ ಕಾಲಾಳೊಂದು ಸುಮ್ಮನೆ ಒಂದು ಮನೆ ಸರಿಯಿತು.

ಮುಂದಿನ ಸರದಿಯಲ್ಲೂ ಹಾಗೇ. ಅದರ ಮುಂದಿನದರಲ್ಲೂ. ಪಾಪ, ವಯಸ್ಸಾಯಿತು, ಕಣ್ಣೆದುರಿನ ಗೆಲುವೂ ಕಾಣುತ್ತಿಲ್ಲ ಎಂದು ಅಳಿಯನಿಗೆ ನಿಜಕ್ಕೂ ಸಂಕಟವಾಯಿತು. ಇಂಥ ಮುದುಕರ ಕಣ್ಣಿಗೆ ಮಣ್ಣೆರಚುವುದೇ ಎಂದು ನಾಚಿಕೆಯೂ ಆಯಿತು.

ಕೊನೆಗೆ ಮುಂಬಾಗಿಲು ತೆರೆಯಿತು. ಅತ್ತೆ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತಿದ್ದರು. ಪಕ್ಕದಲ್ಲಿದ್ದ ಹೆಂಡತಿಗೆ ತಡೆಯಲಾಗಲಿಲ್ಲ. "ಅಮ್ಮ ಪಾಸು!" ಎಂದು ಕೂಗಿಬಿಟ್ಟಳು.

ಅಳಿಯ ಬೆದರಿ ಮಾವನ ಮುಖ ನೋಡಿದ. ಮಾವ ನಗುತ್ತಾ ರಾಣಿಯನ್ನು ಎತ್ತಿ ಇಡಬೇಕಾದ ಕಡೆ ಇಟ್ಟರು.

"ಚೆಕ್‌ಮೇಟ್. ಆಗಲೇ ಮುಗಿಸ್ಬಹುದಿತ್ತು. ನೀವು ಕುರ್ಚಿ ಬಿಟ್ಟು ಏಳ್ಬಾರ್ದು ಅಂತ ಮಗಳ ಅಪ್ಪಣೆ ಆಗಿತ್ತು."

"ನಾನಾ? ನಾನ್ಯಾಕೆ ಏಳ್ಬಾರ್ದು?"

"ಡ್ರೈವಿಂಗ್ ಸ್ಕೂಲಿನ ಕಾರು ನಿನ್ನೆನೇ ಕೆಟ್ಟು ಕೂತಿತ್ತು ರೀ," ಎಂದಳು ಹೆಂಡತಿ, ಮೆಲ್ಲಗೆ.

ಅತ್ತೆ ಬೆನ್ನ ಹಿಂದಿನಿಂದ ಕೈ ಮುಂದೆ ತಂದು, ಅವನ ಹೊಸ ಕಾರಿನ ಪಕ್ಕದ ಕನ್ನಡಿಯನ್ನು ಚೆಸ್ ಹಲಗೆಯ ಮೇಲಿಟ್ಟು, "ಪರೀಕ್ಷೇಲೇನೂ ಆಗ್ಲಿಲ್ಲಪ್ಪ, ವಾಪಸ್ ಬರ್ತಾ ನಮ್ಮ ಗೇಟಿಗೇ ತಾಗಿದ್ದು," ಎಂದರು.