ಒಂದೇ ಖಾನೆಯಲ್ಲಿ ನಾಲ್ಕು

ಮೂಟೆಯ ಬಾಯಿ ಬಿಚ್ಚುವಷ್ಟರಲ್ಲಿ ಅವಳ ಬೆರಳುಗಳು ಎರಡು ಸಲ ಜಾರಿದವು. ಒಳಗೆ ಇರದಿದ್ದರೆ ಸಾಕು ಎಂದುಕೊಂಡಳು. ಇದ್ದರೆ ತಾನು ಹೇಳಿದ್ದು ಸುಳ್ಳಾಗುತ್ತದೆ.

ಇತ್ತು. ಕೆಂಪು ಬಟ್ಟೆಯ ಚೀಲ. ಅದರೊಳಗೊಂದು ಬಾಚಣಿಗೆ, ಮಡಿಸಿಟ್ಟ ಪುಟ್ಟ ಸ್ವೆಟರ್, ಹತ್ತಿಯಲ್ಲಿ ಸುತ್ತಿದ ಕಿವಿ ಮಿಷಿನ್. ಹುಣಸೆ ಬೀಜಕ್ಕಿಂತ ತುಸು ದೊಡ್ಡದು, ಅಷ್ಟೇ.

ಬಸ್ ನಿಲ್ದಾಣದ ಹಿಂಬದಿಯಲ್ಲಿ, ಪ್ರಯಾಣಿಕರು ಮರೆತುಹೋದ ಸಾಮಾನು ಇಡುವ ಕೋಣೆ ಅವಳದು. ಡ್ರೈವರುಗಳು ಅವಳನ್ನು ಕರೆಯುವುದೇ ಮರೆವಿನಮ್ಮ ಎಂದು. ಸಿಕ್ಕಿದ್ದನ್ನು ಕಂಪ್ಯೂಟರಿಗೆ ಹತ್ತಿಸಬೇಕು, ಮೂಟೆ ಕಟ್ಟಿ ಅಟ್ಟಕ್ಕೆ ಏರಿಸಬೇಕು, ಕೇಳಿಕೊಂಡು ಬಂದವರಿಗೆ ಕಂಪ್ಯೂಟರಿನಲ್ಲಿ ಹುಡುಕಿ ಇದೆ ಅಥವಾ ಇಲ್ಲ ಅನ್ನಬೇಕು. ಮೂಟೆ ಕೆದಕಿ ನೋಡುವ ರೂಢಿ ಇರಲಿಲ್ಲ. ಕಂಪ್ಯೂಟರ್ ಇಲ್ಲ ಅಂದರೆ ಇಲ್ಲ.

ಒಂದೊಂದು ವಸ್ತುವಿಗೆ ಒಂದೊಂದು ಸಾಲು ಎಂದು ಮೊದಲ ದಿನವೇ ಹೇಳಿಕೊಟ್ಟಿದ್ದರು. ಆದರೆ ಪ್ರತಿ ಸಾಲಿಗೂ ಬಸ್ಸಿನ ನಂಬರು, ತಾರೀಖು, ಕಂಡಕ್ಟರ್ ಹೆಸರು ಮತ್ತೆ ಮತ್ತೆ ಕುಟ್ಟಬೇಕು. ಯಾರಿಗೆ ಬೇಕು ಆ ಗೋಳು? 'ವಸ್ತು' ಎಂಬ ಒಂದೇ ಖಾನೆಯಲ್ಲಿ ಎಲ್ಲವನ್ನೂ ಕಾಮಾ ಹಾಕಿ ತುರುಕಿಬಿಡುತ್ತಿದ್ದಳು. ವರ್ಷಗಟ್ಟಲೆ ಹಾಗೇ ನಡೆದಿತ್ತು.

ಇವತ್ತು ಬೆಳಿಗ್ಗೆ ಕಂಪ್ಯೂಟರ್ ರಿಪೇರಿಯವಳು ಬಂದು ನೋಡಿ ಹಣೆ ಚಚ್ಚಿಕೊಂಡಳು.

"ಏನಕ್ಕಾ ಇದು! ಇಡೀ ಬಸ್ಸಿನ ಜನಾನ ಒಂದೇ ಸೀಟಲ್ಲಿ ಕೂರಿಸಿದ್ದೀರಲ್ಲ!"

"ಕೂತಿದ್ದಾರಲ್ಲ, ಬಿಡೇ."

"ಕೂತಿದ್ದಾರೆ, ಕರೆದ್ರೆ ಒಬ್ರೂ ಓಗೊಡಲ್ಲ. ಖಾನೇಲಿ ಛತ್ರಿ ಒಂದೇ ಇದ್ರೆ, ಛತ್ರಿ ಅಂತ ಹುಡುಕಿದಾಗ ಸಿಗುತ್ತೆ. ಪಕ್ಕದಲ್ಲಿ ಬಾಚಣಿಗೆ ಸೇರಿಸಿದ್ರೋ, ಇದರ ಪಾಲಿಗೆ ಅದು ಛತ್ರಿನೂ ಅಲ್ಲ, ಬಾಚಣಿಗೆನೂ ಅಲ್ಲ. ಇಲ್ಲ ಅಂದುಬಿಡುತ್ತೆ."

ಮರೆವಿನಮ್ಮ ಪರದೆಯ ಮೇಲಿನ ಹಳೆಯ ಸಾಲುಗಳನ್ನು ಒಂದೊಂದಾಗಿ ಓದತೊಡಗಿದಳು. ಹೆಸರಿಗೆ ಮರೆವು, ಆದರೆ ಬರಿಗೈಲಿ ಹೋದವರ ಮುಖಗಳೆಲ್ಲ ಅವಳಿಗೆ ನೆನಪಿದ್ದವು. ಛತ್ರಿ ಕೇಳಿ ಬಂದಿದ್ದ ಮೇಷ್ಟ್ರು. ಬೀಗದ ಕೈ ಕಳೆದುಕೊಂಡು ಬಾಗಿಲಲ್ಲೇ ಕುಸಿದಿದ್ದ ನರ್ಸು. ಚೀಲ ಕೇಳಿ ಬಂದಿದ್ದ ಒಬ್ಬ ತಾಯಿ. ಆ ತಾಯಿಗಂತೂ ಇಲ್ಲ ಅಂದಿದ್ದು ಸಾಲದೆಂದು ಬುದ್ಧಿವಾದ ಬೇರೆ. ಅವಳ ಮಗಳು ದಾರಿಗೆ ಅಡ್ಡ ನಿಂತು ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದಳು. "ಪುಟ್ಟಿ, ಈಚೆ ಬಾ" ಎಂದರೆ ಜಗ್ಗಲಿಲ್ಲ. ಮತ್ತೆ ಕರೆದರೂ ಇಲ್ಲ.

"ತಲೆ ಮೇಲೆ ಕೂರಿಸ್ಕೊಂಡಿದ್ದೀಯಮ್ಮ ಮಗಳನ್ನ. ಈಗಲೇ ಇಷ್ಟು ಸೊಕ್ಕು!" ಎಂದಿದ್ದಳು. ಆ ತಾಯಿ ಏನೋ ಹೇಳಲು ಬಾಯಿ ತೆರೆದಳು. ಹಿಂದೆ ಸಾಲು ನಿಂತಿತ್ತು. ಹೇಳದೆ ಮಗಳ ಕೈ ಹಿಡಿದು ಹೊರಟುಹೋದಳು.

ಆದರೆ ಎದೆಗೆ ಚುಚ್ಚಿದ್ದು ಗಡಿಯಾರದ ತಾತ.

ನಿಲ್ದಾಣದ ಗೇಟಿನ ಪಕ್ಕದಲ್ಲೇ ಅವರ ಗಡಿಯಾರ ರಿಪೇರಿ ಅಂಗಡಿ, ಅಂಗಡಿಯ ಹಿಂದೆ ಮನೆ. ಒಂದು ದಿನ ಬಂದು, ಕೌಂಟರಿನ ಅಂಚು ಹಿಡಿದು, ತಗ್ಗಿದ ದನಿಯಲ್ಲಿ ಕೇಳಿದ್ದರು.

"ಒಂದು ಕಿವಿ ಮಿಷಿನ್ ಇದೆಯೇನಮ್ಮ?"

"ಇಲ್ಲ ತಾತ."

"ಚೆನ್ನಾಗಿ ನೋಡಿದ್ಯಾ?"

"ನೋಡಿದೆ ತಾತ. ಇಲ್ಲ."

ತಾತ ಕಣ್ಣು ಮುಚ್ಚಿ ಉಸಿರುಬಿಟ್ಟರು. "ನಿನ್ನ ಹೊಟ್ಟೆ ತಣ್ಣಗಿರಲಿ ತಾಯಿ" ಎಂದು ಹರಸಿ ಹೋದರು. ಇಲ್ಲ ಅಂದವಳಿಗೂ ಹರಕೆ! ಎಂಥ ದೊಡ್ಡ ಮನಸ್ಸು ಎಂದು ಅವಳು ಅವತ್ತು ಬೆರಗಾಗಿದ್ದಳು. ಇವತ್ತು ಪರದೆಯ ಒಂದು ಖಾನೆಯಲ್ಲಿ ಚೀಲ, ಬಾಚಣಿಗೆ, ಸ್ವೆಟರಿನ ಪಕ್ಕ ಕಿವಿ ಮಿಷಿನ್ ಎಂದೂ ಕಂಡಾಗ ಅದೇ ಮಾತು ಕೆಂಡದಂತೆ ಸುಟ್ಟಿತ್ತು.

ಕೋಣೆಗೆ ಬೀಗ ಹಾಕಿ, ಚೀಲವನ್ನು ಸೆರಗಿನಡಿ ಹಿಡಿದು ಹೊರಟಳು.

ತಾತ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಗಡಿಯಾರವೊಂದರ ಹೊಟ್ಟೆ ಬಗೆಯುತ್ತಿದ್ದರು. ಒಳಬಾಗಿಲಲ್ಲಿ ಅಜ್ಜಿ. ಗೋಡೆಯ ಗಡಿಯಾರಗಳೆಲ್ಲ ಒಟ್ಟಿಗೆ ಗಂಟೆ ಹೊಡೆದವು. ಅಜ್ಜಿ ಕತ್ತೆತ್ತಲಿಲ್ಲ.

"ಅಜ್ಜಿ, ಚೆನ್ನಾಗಿದ್ದೀರಾ?"

ಅಜ್ಜಿ ಅವಳ ತುಟಿ ನೋಡಿ, ನಕ್ಕು, ಸುಮ್ಮನೆ ತಲೆಯಾಡಿಸಿದರು. ಅವಳಿಗೆ ಅಷ್ಟೇ ಸಾಕಾಯಿತು. ಕಣ್ಣು ತುಂಬಿಬಂತು.

"ತಪ್ಪಾಯ್ತು ತಾತ. ಅವತ್ತು ಇಲ್ಲ ಅಂದಿದ್ದು ಸುಳ್ಳು. ಅಟ್ಟದ ಮೇಲೇ ಇತ್ತು. ನನ್ನ ಸೋಮಾರಿತನಕ್ಕೆ ಅಜ್ಜಿ ಇಷ್ಟು ದಿನ..."

ಚೀಲವನ್ನು ಮೇಜಿನ ಮೇಲಿಟ್ಟಳು. ತಾತ ಕೈ ಚಾಚಲಿಲ್ಲ. ಭೂತಗನ್ನಡಿ ಕಣ್ಣಿಂದ ಉದುರಿ ಮಡಿಲಿಗೆ ಬಿತ್ತು.

"ಅಂದ್ರೆ, ಯಾರೂ ತಗೊಂಡು ಹೋಗಿಲ್ವಾ?"

"ಯಾರು ತಗೊಂಡು ಹೋಗ್ಬೇಕಿತ್ತು ತಾತ?"

"ಇದರ ಯಜಮಾನರು." ತಾತ ಚೀಲವನ್ನು ಅವಳತ್ತ ಸರಿಸಿದರು. "ನಮ್ಮದಲ್ಲಮ್ಮ ಇದು. ಬಸ್ಸಲ್ಲಿ ಸಿಕ್ತು. ನಿನ್ನ ಕೈಗೆ ತಂದುಕೊಡಬೇಕಾಗಿತ್ತು, ಇವಳಿಗಾಗುತ್ತೆ ಅನ್ನೋ ಆಸೇಲಿ ಮನೆಗೆ ತಂದೆ. ಕಿವಿಗೆ ಕೂರಲಿಲ್ಲ, ತೀರಾ ಚಿಕ್ಕದು. ಬೆರಳಲ್ಲಿ ಒತ್ತಿ ಹಿಡ್ಕೊಂಡೇ ಗಡಿಯಾರದ ಸದ್ದು ಕೇಳಿ ಅತ್ತಳು. ಆಮೇಲೆ ಚೀಲದೊಳಗಿನ ಸ್ವೆಟರ್ ಕಂಡಳು ನೋಡು, ವಾಪಸ್ ಕೊಡೋವರೆಗೂ ಅನ್ನ ಮುಟ್ಟಲ್ಲ ಅಂತ ಹಟ ಹಿಡಿದಳು. ನಿನಗೆ ಮುಖ ತೋರಿಸಕ್ಕೆ ನಾಚಿಕೆಯಾಗಿ ಕಂಡಕ್ಟರ್ ಕೈಗೆ ಕೊಟ್ಟೆ. ಅದು ಸೇರಬೇಕಾದವರಿಗೆ ಸೇರಿತಾ ಅಂತ ತಿಳ್ಕೊಳೋಕೇ ಅವತ್ತು ಬಂದಿದ್ದು. ನೀನು ಇಲ್ಲ ಅಂದೆ. ಅವತ್ತು ರಾತ್ರಿ ನಾವಿಬ್ರೂ ನೆಮ್ಮದಿಯಾಗಿ ಉಂಡ್ವಿ."

ಅವಳು ಚೀಲದಿಂದ ಸ್ವೆಟರನ್ನು ತೆಗೆದು ಬಿಡಿಸಿದಳು. ತೋಳು ಅವಳ ಗೇಣಿಗಿಂತ ಸ್ವಲ್ಪವೇ ಉದ್ದವಿತ್ತು.

"ನೆನಪು ಮಾಡ್ಕೊಳಮ್ಮ," ಎಂದರು ತಾತ. "ಈ ಚೀಲ ಕೇಳ್ಕೊಂಡು ಯಾರೂ ಬರಲೇ ಇಲ್ವಾ?"

ಎರಡು ಸಲ ಕರೆದರೂ ಆ ಮಗು ತಿರುಗದೆ ಕ್ಯಾಲೆಂಡರನ್ನೇ ನೋಡುತ್ತ ನಿಂತಿತ್ತು.